ಹಣಿಗೆಯ ಹಲ್ಲುಗಳು: ಹಳೆಯ ಟೇಪಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡುವ ಕ್ರಮ



ಕಳೆದ ಸಂಚಿಕೆಯಲ್ಲಿ ಹಳೆಯ ಕಾಗದಪತ್ರಗಳಿಗೂ ಲೆಕ್ಕದ ಪುಸ್ತಕಗಳಿಗೂ ಹುಳು ಬೀಳದಂತೆ ಕಾಪಾಡಿಕೊಳ್ಳುವ ವಿಧಾನವನ್ನು ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಈ ತಿಂಗಳು ಅದೇ ಜಾತಿಗೆ ಸೇರಿದ ಮತ್ತೊಂದು ಗೃಹಕೃತ್ಯವನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ನಮ್ಮ ನಿಮ್ಮೆಲ್ಲರ ಮನೆಗಳಲ್ಲಿಯೂ ಪೆಟ್ಟಿಗೆಯ ತಳದಲ್ಲಿ ಒಂದೆರಡು ವೀಡಿಯೋ ಟೇಪುಗಳು ಬಿದ್ದುಕೊಂಡಿರುವುದುಂಟು. ಯಾರದೋ ಮದುವೆ, ಯಾರದೋ ಉಪನಯನ, ಒಂದು ಗೃಹಪ್ರವೇಶ, ಒಂದು ನಾಮಕರಣ. ಅವುಗಳಲ್ಲಿ ನಗುತ್ತ ಓಡಾಡುವವರಲ್ಲಿ ಅನೇಕರು ಈಗ ಇಲ್ಲ. ಟೇಪನ್ನು ಓಡಿಸುವ ಯಂತ್ರವೂ ಮನೆಯಲ್ಲಿ ಕೆಟ್ಟು ಕುಳಿತಿರುತ್ತದೆ. ಆದಕಾರಣ ಗೃಹಸ್ಥರು ಅವನ್ನು ಅಂಗಡಿಗೆ ಕೊಟ್ಟು ಕಂಪ್ಯೂಟರಿನಲ್ಲಿ ನೋಡಲು ಬರುವಂತೆ ನಕಲು ಮಾಡಿಸಿ ತರುತ್ತಾರೆ. ತಂದು ನೋಡಿದರೆ ಚಿತ್ರದಲ್ಲಿ ಒಂದು ವಿಚಿತ್ರ ದೋಷವು ಕಾಣುತ್ತದೆ. ನಿಂತವರು ಸ್ವಚ್ಛವಾಗಿರುತ್ತಾರೆ, ಅಲುಗಾಡಿದವರ ಅಂಚೆಲ್ಲ ಬಾಚಣಿಗೆಯ ಹಲ್ಲಿನಂತೆ ಸೀಳಿಹೋಗಿರುತ್ತದೆ. ಟೇಪು ಕೊಳೆತುಹೋಗಿದೆಯೆಂದು ಒಬ್ಬರು, ಕಂಪ್ಯೂಟರು ಹಳೆಯದೆಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ನಿಜವಲ್ಲ. ಈ ತಪ್ಪು ತಿಳಿವಳಿಕೆಯಿಂದ ನಾನು ಮಾಡಲಿದ್ದ ಒಂದು ಅನರ್ಥವನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ.

ದೊಡ್ಡಬಳ್ಳಾಪುರವು ನೇಕಾರರ ಊರೆಂಬುದನ್ನು ವಾಚಕರು ಬಲ್ಲರು. ಇಂದು ನಮ್ಮ ಬೀದಿಗಳಲ್ಲಿ ಹಗಲಿರುಳು ಕೇಳುವುದು ವಿದ್ಯುತ್ ಮಗ್ಗಗಳ ಸದ್ದು. ನಮ್ಮ ತಂದೆಯವರು ಮಾತ್ರ ಕೊನೆಯವರೆಗೂ ಗುಂಡಿಯ ಕೈಮಗ್ಗವನ್ನು ಬಿಟ್ಟವರಲ್ಲ. ಮಗನಾದ ನಾನು ಸಂಸ್ಕೃತ ಪಾಠಶಾಲೆಗೆ ಹೋಗಿ ಉಪಾಧ್ಯಾಯನಾದೆನು. ಲಾಳಿ ಹಿಡಿಯಲು ಕಲಿಯಲಿಲ್ಲ. 1997ರಲ್ಲಿ ನನ್ನ ಮಗಳ ನಾಮಕರಣದ ದಿವಸ ಭಾವಮೈದುನನು ಬೆಂಗಳೂರಿನಿಂದ ಒಂದು ವೀಡಿಯೋ ಕ್ಯಾಮರಾವನ್ನು ತಂದಿದ್ದನು. ಊಟವಾದ ಮೇಲೆ ಟೇಪು ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ವ್ಯರ್ಥಮಾಡಬಾರದೆಂದು ಮಗ್ಗದ ಕೋಣೆಗೆ ಹೋಗಿ, ತಂದೆಯವರು ನೇಯುತ್ತಿದ್ದುದನ್ನು ಏಳೆಂಟು ನಿಮಿಷ ಚಿತ್ರಿಸಿದನು. ನಾಲ್ಕು ವರ್ಷಗಳ ತರುವಾಯ, 2001ರಲ್ಲಿ, ತಂದೆಯವರು ಕಾಲವಾದರು. ಮಗ್ಗವನ್ನು ಬಿಚ್ಚಿದ್ದಾಯಿತು. ಅವರ ಭಾವಚಿತ್ರಗಳು ಮನೆಯಲ್ಲಿ ಐದಾರಿವೆ. ಅವರ ಕೈ ಚಲಿಸುವುದನ್ನು ತೋರಿಸುವ ವಸ್ತು ಜಗತ್ತಿನಲ್ಲಿ ಆ ಒಂದು ಟೇಪಿನ ತುಣುಕು ಮಾತ್ರ.

ನಿವೃತ್ತನಾದ ಮೇಲೆ ಪೆಟ್ಟಿಗೆಯನ್ನು ಶೋಧಿಸುವಾಗ ಆ ಟೇಪು ದೊರೆಯಿತು. ನಗರದ ಒಂದು ಅಂಗಡಿಯಲ್ಲಿ ನಕಲು ಮಾಡಿಸಿ ತಂದೆನು. ದೇವನಹಳ್ಳಿಯಲ್ಲಿರುವ ನಮ್ಮ ಅಕ್ಕನನ್ನು ಕರೆಸಿ, ಮನೆಮಂದಿಯೆಲ್ಲ ಕಂಪ್ಯೂಟರಿನ ಮುಂದೆ ಕುಳಿತೆವು. ಗೋಡೆಯು ಚೆನ್ನಾಗಿ ಕಂಡಿತು, ದೀಪದ ಗೂಡು ಕಂಡಿತು, ಮಗ್ಗದ ಕಂಬಗಳು ಕಂಡವು, ತಂದೆಯವರ ಮುಖವೂ ಕಂಡಿತು. ಆದರೆ ಅವರ ಬಲಗೈ ಹಗ್ಗವನ್ನು ಸೆಳೆದಾಗಲೆಲ್ಲ ಆ ಕೈ ಅಡ್ಡಡ್ಡಲಾಗಿ ಸೀಳಿ, ಎಳೆ ಎಳೆಯಾಗಿ, ಹಣಿಗೆಯ ಹಲ್ಲುಗಳಂತೆ ಆಗಿಬಿಡುತ್ತಿತ್ತು. ಅಕ್ಕ ಎರಡು ನಿಮಿಷ ನೋಡಿ ಸೆರಗಿನಿಂದ ಕಣ್ಣೊರಸಿಕೊಂಡಳು.

“ಏನೋ ಇದು! ಅಪ್ಪನ ಕೈ ಹರಿದುಹೋದ ಹಾಗೆ ಕಾಣುತ್ತದಲ್ಲೋ. ನಿಲ್ಲಿಸಿಬಿಡು. ಇದನ್ನು ನೋಡುವುದಕ್ಕಿಂತ ನೋಡದಿರುವುದೇ ಮೇಲು” ಎಂದಳು.

ಮಾರನೆಯ ದಿನ ಅಂಗಡಿಗೆ ಹೋಗಿ ದೂರು ಹೇಳಿದೆನು. “ಟೇಪು ಹಳೆಯದು, ಸ್ವಾಮಿ. ಕ್ಲೀನ್ ಮಾಡಿ ಕೊಡುತ್ತೇವೆ” ಎಂದು ಹೇಳಿ, ಎರಡನೆಯ ನಕಲೊಂದನ್ನು ಕೊಟ್ಟರು. ಅದರಲ್ಲಿ ಹಲ್ಲುಗಳು ಇರಲಿಲ್ಲ ನಿಜ. ಆದರೆ ತಂದೆಯವರಿಗೆ ಎರಡು ಬಲಗೈಗಳು ಬಂದಿದ್ದವು! ಒಂದರ ಹಿಂದೆ ಒಂದು, ಎರಡೂ ಹೊಗೆಯಂತೆ ಮಸಕು. ಇಷ್ಟಾದರೂ ಸಾಕೆಂದು ನಾನು ಸಮಾಧಾನಪಟ್ಟುಕೊಂಡು, ಮೊದಲನೆಯ ನಕಲನ್ನು ಅಳಿಸಿಹಾಕಿ, ಬೂಷ್ಟು ಹಿಡಿಯತೊಡಗಿದ್ದ ಟೇಪನ್ನು ಹಳೆಯ ಸಾಮಾನಿನವನಿಗೆ ಹಾಕಬೇಕೆಂದಿದ್ದೆನು. ದೈವಯೋಗದಿಂದ ಅದೇ ವಾರದ ಕೊನೆಗೆ ಮಗಳು ಊರಿಗೆ ಬಂದಳು.

“ಅಪ್ಪಾ, ಯಾವುದನ್ನೂ ಎಸೆಯಬೇಡಿ. ಕೆಟ್ಟಿರುವುದು ಎರಡನೆಯ ನಕಲು. ಮೊದಲನೆಯದರಲ್ಲಿ ತಾತನ ಕೈ ಪೂರ್ತಿ ಇದೆ” ಎಂದು ಅವಳು ಹೇಳಿದಾಗ ನಾನು ನಂಬಲಿಲ್ಲ. ಅವಳು ಕೀಲಿಮಣೆಯ ಒಂದು ಅಕ್ಷರವನ್ನು ಒತ್ತಿದಳು. ಹಲ್ಲುಗಳು ಮಾಯವಾದವು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ಅವಳಿಂದಲೂ ಪುಸ್ತಕಗಳಿಂದಲೂ ನಾನು ತಿಳಿದುಕೊಂಡ ಮಟ್ಟಿಗೆ ಕ್ರಮವಾಗಿ ವಿವರಿಸುತ್ತೇನೆ.

ಚಲಚ್ಚಿತ್ರವೆಂಬುದು ವಾಸ್ತವವಾಗಿ ಚಲಿಸುವುದಿಲ್ಲ. ಸ್ಥಿರಚಿತ್ರಗಳು ಒಂದರ ಮೇಲೊಂದು ಬೇಗಬೇಗನೆ ಬರುವುದರಿಂದ ಕಣ್ಣಿಗೆ ಚಲನೆಯ ಭ್ರಾಂತಿಯುಂಟಾಗುತ್ತದೆ. ಕೊಳ್ಳಿಯನ್ನು ಕತ್ತಲೆಯಲ್ಲಿ ತಿರುಗಿಸಿದರೆ ಬೆಂಕಿಯ ಚಕ್ರವು ತೋರುವುದೆಂಬುದು ನಮ್ಮ ಶಾಸ್ತ್ರಕಾರರಿಗೆ ಸುಪರಿಚಿತವಾದ ದೃಷ್ಟಾಂತ. ಗೌಡಪಾದರ ಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿಯೆಂಬ ಹೆಸರು ಬಂದಿರುವುದು ಈ ಕೊಳ್ಳಿಯಿಂದಲೇ. ಕೊಳ್ಳಿಯನ್ನು ನಿಧಾನವಾಗಿ ತಿರುಗಿಸಿದರೆ ಚಕ್ರವು ಕಡಿದು ಕಡಿದು ಕಾಣುತ್ತದೆ. ಅದರಂತೆಯೇ ಟೆಲಿವಿಷನ್ ಪೆಟ್ಟಿಗೆಯ ಗಾಜು ಸೆಕೆಂಡಿಗೆ 25 ಸಲ ಮಾತ್ರ ಬೆಳಗಿದರೆ ಕಣ್ಣಿಗೆ ಮಿಣುಕು ತಿಳಿದು ಆಯಾಸವಾಗುತ್ತದೆ. 50 ಸಲ ಬೆಳಗಿದರೆ ಬಹುಮಟ್ಟಿಗೆ ತಿಳಿಯುವುದಿಲ್ಲ. ಆದರೆ ಸೆಕೆಂಡಿಗೆ 50 ಪೂರ್ಣಚಿತ್ರಗಳನ್ನು ಆಕಾಶಮಾರ್ಗವಾಗಿ ಕಳುಹಿಸಬೇಕಾದರೆ ತರಂಗಗಳಲ್ಲಿ ಇಮ್ಮಡಿ ಸ್ಥಳ ಬೇಕು. ಅಷ್ಟು ಸ್ಥಳವಿರಲಿಲ್ಲ.

ಈ ಸಂಕಟಕ್ಕೆ ವಿದ್ವಾಂಸರು ಕಂಡುಕೊಂಡ ಉಪಾಯವೇ ಇಂಟರ್‌ಲೇಸ್ ಎಂಬ ಹೆಣಿಗೆಯ ಪದ್ಧತಿ. ಜರ್ಮನಿಯ ಟೆಲಿಫುಂಕೆನ್ ಸಂಸ್ಥೆಯಲ್ಲಿದ್ದ ಫ್ರಿಟ್ಸ್ ಶ್ರೋಟರ್ ಎಂಬುವರು 1930ರಲ್ಲಿಯೂ, ಅಮೆರಿಕದ ಆರ್‌ಸಿಎ ಸಂಸ್ಥೆಯಲ್ಲಿದ್ದ ರ‍್ಯಾಂಡಲ್ ಬ್ಯಾಲರ್ಡ್ ಎಂಬುವರು 1932ರಲ್ಲಿಯೂ ಇದಕ್ಕೆ ಪೇಟೆಂಟಿನ ಹಕ್ಕನ್ನು ಕೇಳಿದರು. 1936ರ ನವೆಂಬರಿನಲ್ಲಿ ಲಂಡನ್ನಿನಿಂದ ಬಿಬಿಸಿಯ ಪ್ರಸಾರವು ಆರಂಭವಾದಾಗ ಅದರ 405 ಗೆರೆಗಳ ಚಿತ್ರವು ಈ ಬಗೆಯದಾಗಿತ್ತು. ಭಾರತದಲ್ಲಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ದೂರದರ್ಶನವು ಮೊದಲಾಯಿತು. 1982ರಲ್ಲಿ ಏಷ್ಯನ್ ಕ್ರೀಡೆಗಳ ಕಾಲದಲ್ಲಿ ಬಣ್ಣ ಬಂದಿತು. ನಾವು ಸ್ವೀಕರಿಸಿದ ಪಾಲ್ ಎಂಬ ಪದ್ಧತಿಯಲ್ಲಿ ಚಿತ್ರಕ್ಕೆ 625 ಗೆರೆಗಳು. ಅವುಗಳಲ್ಲಿ ಕಣ್ಣಿಗೆ ಕಾಣತಕ್ಕವು 576.

ಈ 576 ಗೆರೆಗಳನ್ನು ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಬರೆಯುವುದಿಲ್ಲ. ಮೊದಲು ಒಂದು, ಮೂರು, ಐದು ಎಂಬುದಾಗಿ ಬೆಸಸಂಖ್ಯೆಯ 288 ಗೆರೆಗಳನ್ನು ಬರೆಯುತ್ತಾರೆ. ಅನಂತರ ಮೇಲಕ್ಕೆ ಹಿಂದಿರುಗಿ ಎರಡು, ನಾಲ್ಕು, ಆರು ಎಂದು ಸಮಸಂಖ್ಯೆಯ 288 ಗೆರೆಗಳನ್ನು ನಡುನಡುವೆ ತುಂಬುತ್ತಾರೆ. ಒಂದೊಂದು ಸಲಕ್ಕೂ ಹಿಡಿಯುವ ಕಾಲ ಸೆಕೆಂಡಿನ 50ರಲ್ಲಿ ಒಂದು ಭಾಗ. ಹೀಗೆ ಬರುವ ಒಂದೊಂದು ಸರದಿಗೆ ಫೀಲ್ಡ್ ಎಂದು ಹೆಸರು. ನಾವು ಅರೆಚಿತ್ರವೆಂದು ಕರೆಯೋಣ. ಎರಡು ಅರೆಚಿತ್ರಗಳು ಸೇರಿ ಒಂದು ಪೂರ್ಣಚಿತ್ರ, ಎಂದರೆ ಫ್ರೇಮ್.

ನಮ್ಮ ಊರಿನವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಸಾದಾ ನೇಯ್ಗೆಯಲ್ಲಿ ಒಮ್ಮೆ ಹಾಸಿನ ಬೆಸ ಎಳೆಗಳು ಮೇಲೇಳುತ್ತವೆ, ಲಾಳಿ ಓಡುತ್ತದೆ. ಮರುಸಲ ಸಮ ಎಳೆಗಳು ಮೇಲೇಳುತ್ತವೆ, ಲಾಳಿ ಹಿಂದಿರುಗುತ್ತದೆ. ಎರಡು ಸರದಿಗಳಿಂದ ಒಂದು ಬಟ್ಟೆ. ಹೆಣಿಗೆಯೆಂಬ ಮಾತು ಇದಕ್ಕೂ ಸಲ್ಲುತ್ತದೆ, ಅದಕ್ಕೂ ಸಲ್ಲುತ್ತದೆ.

ಈಗ ಮುಖ್ಯವಾದ ಅಂಶವನ್ನು ಗಮನಿಸಬೇಕು. ಕ್ಯಾಮರಾ ಮೊದಲನೆಯ ಅರೆಚಿತ್ರವನ್ನು ತೆಗೆದುದು ಒಂದು ಕ್ಷಣದಲ್ಲಿ. ಎರಡನೆಯದನ್ನು ತೆಗೆದುದು ಮತ್ತೊಂದು ಕ್ಷಣದಲ್ಲಿ. ನಡುವೆ ಸೆಕೆಂಡಿನ 50ನೆಯ ಭಾಗ ಕಳೆದಿದೆ. ಗೋಡೆಯು ಆ ಕಾಲದಲ್ಲಿ ಎಲ್ಲಿಗೂ ಹೋಗಲಿಲ್ಲ. ಆದಕಾರಣ ಗೋಡೆಯ ಬೆಸ ಗೆರೆಗಳೂ ಸಮ ಗೆರೆಗಳೂ ಒಂದಕ್ಕೊಂದು ಸರಿಯಾಗಿ ಹೊಂದಿಕೊಳ್ಳುತ್ತವೆ. ಕೈಯಾದರೋ ಅಷ್ಟರಲ್ಲಿ ಮುಂದಕ್ಕೆ ಸರಿದಿದೆ. ಲೆಕ್ಕ ಮಾಡಿ ನೋಡೋಣ. ಕಂಪ್ಯೂಟರಿಗೆ ತಂದ ನಮ್ಮ ಚಿತ್ರದ ಅಗಲ 720 ಬಿಂದುಗಳು. ಕೈಯು ಕಾಲು ಸೆಕೆಂಡಿನಲ್ಲಿ 180 ಬಿಂದುಗಳಷ್ಟು ದೂರ ಸರಿಯಿತೆಂದು ಭಾವಿಸಿದರೆ ವೇಗವು ಸೆಕೆಂಡಿಗೆ 720 ಬಿಂದುಗಳಾಯಿತು. ಒಂದು ಅರೆಚಿತ್ರದಿಂದ ಮತ್ತೊಂದಕ್ಕೆ ಅದು ಸುಮಾರು 14 ಬಿಂದುಗಳಷ್ಟು ಮುಂದೆ ಹೋಗಿರುತ್ತದೆ. ಎರಡನ್ನೂ ಒಟ್ಟಿಗೆ ಹೆಣೆದು ಒಂದೇ ಚಿತ್ರವಾಗಿ ತೋರಿಸಿದರೆ, ಬೆಸ ಗೆರೆಗಳಲ್ಲಿ ಕೈ ಒಂದು ಕಡೆ, ಸಮ ಗೆರೆಗಳಲ್ಲಿ 14 ಬಿಂದುಗಳಾಚೆ! ಹಣಿಗೆಯ ಹಲ್ಲಿನ ಉದ್ದವೇ ಈ 14 ಬಿಂದುಗಳು. ನಿಧಾನವಾಗಿ ನಡೆಯುವವನು ಚಿತ್ರದ ಅಗಲವನ್ನು 4 ಸೆಕೆಂಡುಗಳಲ್ಲಿ ದಾಟಿದರೆ ಅವನ ಅಂಚಿನ ಹಲ್ಲುಗಳು ಮೂರು ನಾಲ್ಕು ಬಿಂದುಗಳಿಗಿಂತ ಉದ್ದವಿರಲಾರವು.

ಹಾಗಾದರೆ ಹಿಂದಿನ ಟೆಲಿವಿಷನ್ ಪೆಟ್ಟಿಗೆಯಲ್ಲಿ ಈ ಹಲ್ಲುಗಳೇಕೆ ಕಾಣುತ್ತಿರಲಿಲ್ಲ? ಏಕೆಂದರೆ ಆ ಪೆಟ್ಟಿಗೆಯೂ ಅರೆಚಿತ್ರಗಳನ್ನು ಒಂದಾದ ಮೇಲೊಂದರಂತೆಯೇ ಬರೆಯುತ್ತಿತ್ತು. ಸಮ ಗೆರೆಗಳು ಬೆಳಗುವ ವೇಳೆಗೆ ಬೆಸ ಗೆರೆಗಳ ಬೆಳಕು ಗಾಜಿನ ಮೇಲೆ ಆರಿಹೋಗಿರುತ್ತಿತ್ತು. ಕಣ್ಣಿಗೆ ಬಿದ್ದುದು ಸೆಕೆಂಡಿಗೆ 50 ಅರೆಚಿತ್ರಗಳು, ತಮ್ಮ ತಮ್ಮ ಕಾಲಕ್ಕೆ ಸರಿಯಾಗಿ. ಕಂಪ್ಯೂಟರಿನ ತೆರೆಯು ಹಾಗಲ್ಲ. ಅದು ಎಲ್ಲ ಗೆರೆಗಳನ್ನೂ ಏಕಕಾಲಕ್ಕೆ ಹಿಡಿದು ತೋರಿಸುತ್ತದೆ. ಎರಡು ಕ್ಷಣಗಳನ್ನು ಒಂದೇ ಕ್ಷಣವೆಂದು ತೋರಿಸಿದ್ದೇ ದೋಷ. ಅದು ಟೇಪಿನಲ್ಲಿಲ್ಲ, ಮೊದಲ ನಕಲಿನಲ್ಲಿಯೂ ಇಲ್ಲ; ತೋರಿಸುವ ಕ್ರಮದಲ್ಲಿದೆ.

ಟೇಪಿನ ರಚನೆಯನ್ನು ತಿಳಿದರೆ ಈ ಮಾತು ಇನ್ನೂ ದೃಢವಾಗುತ್ತದೆ. ಜಪಾನಿನ ಜೆವಿಸಿ ಸಂಸ್ಥೆಯು 1976ರಲ್ಲಿ ಹೊರತಂದ ವಿಎಚ್‌ಎಸ್ ಯಂತ್ರದೊಳಗೆ ಒಂದು ಉರುಳೆಯಿದೆ. ನಮ್ಮ ಪದ್ಧತಿಯಲ್ಲಿ ಅದು ನಿಮಿಷಕ್ಕೆ 1500 ಸಲ, ಎಂದರೆ ಸೆಕೆಂಡಿಗೆ 25 ಸಲ, ಸುತ್ತುತ್ತದೆ. ಅದರ ಎದುರುಬದುರಿನಲ್ಲಿ ಎರಡು ಓದುವ ಶಿರಗಳಿವೆ. ಒಂದು ಶಿರವು ಟೇಪಿನ ಮೇಲೆ ಓರೆಯಾಗಿ ಎಳೆಯುವ ಒಂದು ಗೀಟಿನಲ್ಲಿ ಒಂದು ಅರೆಚಿತ್ರವಿರುತ್ತದೆ. ಮತ್ತೊಂದು ಶಿರದ ಗೀಟಿನಲ್ಲಿ ಮತ್ತೊಂದು. ಅಂತೂ ಟೇಪಿನಲ್ಲಿ ಅವು ಎಂದೂ ಕಲಸಿಲ್ಲ; ಪಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿಯೇ ಮಲಗಿವೆ. ನಮ್ಮ ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯಲ್ಲಿ ಒಂದೇ ಶಿಲೆಯಲ್ಲಿ ಪೂರ್ವಾಭಿಮುಖನಾಗಿ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖನಾಗಿ ನರಸಿಂಹನೂ ಇದ್ದಾರೆ. ಹಿಂದೆ ಕನ್ನಡಿಯನ್ನಿಟ್ಟು ಭಕ್ತರಿಗೆ ಎರಡು ದರ್ಶನಗಳನ್ನೂ ಮಾಡಿಸುತ್ತಾರೆ. ಶಿಲೆಯನ್ನು ಸೀಳಬೇಕೆಂದು ಯಾರೂ ಹೇಳಿದ್ದಿಲ್ಲ. ನೋಡುವುದಕ್ಕೆ ತಕ್ಕ ಉಪಾಯವನ್ನು ಮಾಡಿದರು. ಇಲ್ಲಿಯೂ ಮಾಡಬೇಕಾದುದು ಅಷ್ಟೇ.

ಆದರೆ ಚಿತ್ರದಲ್ಲಿ ಕಾಣುವ ಗೆರೆಗಳೆಲ್ಲ ಹೆಣಿಗೆಯ ಹಲ್ಲುಗಳಲ್ಲ. ಚಿಕಿತ್ಸೆಗೆ ಮೊದಲು ರೋಗವನ್ನು ಗುರುತಿಸಬೇಕಷ್ಟೆ. ಚಲಿಸುವ ವಸ್ತುವಿನ ಅಂಚಿನಲ್ಲಿ ಮಾತ್ರ ಕಂಡು, ವಸ್ತು ನಿಂತೊಡನೆ ಮಾಯವಾಗುವ ಸಮಾನ ಅಂತರದ ಹಲ್ಲುಗಳು ಹೆಣಿಗೆಯಿಂದಾದವು. ಚಿತ್ರದ ಅಡ್ಡಕ್ಕೆ ಬಿಳಿಯ ಪಟ್ಟೆಗಳು ಮೇಲೆ ಕೆಳಗೆ ಹರಿದಾಡಿದರೆ ಅದು ಟೇಪಿನ ಗೀಟಿನ ಮೇಲೆ ಶಿರವು ಸರಿಯಾಗಿ ಕೂಡದಿರುವುದರಿಂದ. ಓಡಿಸುವ ಯಂತ್ರದ ಟ್ರ್ಯಾಕಿಂಗ್ ಎಂಬ ತಿರುಪಿನಿಂದ ಸರಿಪಡಿಸಬೇಕು. ಚಿತ್ರದ ತೀರ ಕೆಳಗೆ ಕೆಲವು ಗೆರೆಗಳು ಸದಾ ವಕ್ರವಾಗಿ ಕದಲುತ್ತಿದ್ದರೆ, ಒಂದು ಶಿರದಿಂದ ಮತ್ತೊಂದು ಶಿರಕ್ಕೆ ಸರದಿ ಬದಲಾಗುವ ಗುರುತು ಅದು. ಹಳೆಯ ಪೆಟ್ಟಿಗೆಯಲ್ಲಿ ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು, ಈಗ ಕಾಣುತ್ತದೆ. ಅದಕ್ಕಾಗಿ ಚಿಂತಿಸಬೇಕಾಗಿಲ್ಲ.

ಇನ್ನು ಉಪಾಯ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಬಹುದು. ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಎಂಬ ವಿದ್ಯಾಲಯದ ವಿದ್ಯಾರ್ಥಿಗಳ ಕೈಯಿಂದ 1996ರಲ್ಲಿ ಆರಂಭವಾದ ಕೆಲಸವಿದು. ಇದಕ್ಕೆ ಹಣ ತೆರಬೇಕಾಗಿಲ್ಲ. ಚಿತ್ರವು ಓಡುತ್ತಿರುವಾಗ ಇಂಗ್ಲಿಷಿನ ಡಿ ಅಕ್ಷರವನ್ನು ಒತ್ತಿದರೆ ಹೆಣಿಗೆ ಬಿಚ್ಚುವ ಕಾರ್ಯವು ಆರಂಭವಾಗುತ್ತದೆ. ಅಥವಾ ಮೇಲಿನ ಪಟ್ಟಿಯಲ್ಲಿ ವೀಡಿಯೋ ಎಂಬಲ್ಲಿಗೆ ಹೋಗಿ ಡೀಇಂಟರ್‌ಲೇಸ್ ಎಂಬುದನ್ನು ಆನ್ ಮಾಡಬೇಕು. ಅದರ ಕೆಳಗೆ ಮೋಡ್ ಎಂಬ ಪಟ್ಟಿಯಲ್ಲಿ ಹಲವು ವಿಧಾನಗಳ ಹೆಸರುಗಳಿರುತ್ತವೆ. ಅವುಗಳಲ್ಲಿ ನಾಲ್ಕರ ಗುಣದೋಷಗಳನ್ನು ಹೇಳುತ್ತೇನೆ.

ಮೊದಲನೆಯದು ಡಿಸ್ಕಾರ್ಡ್. ಇದು ಒಂದು ಅರೆಚಿತ್ರವನ್ನು ಬಿಸುಟು ಉಳಿದುದನ್ನು ಮಾತ್ರ ಹಿಗ್ಗಿಸಿ ತೋರಿಸುತ್ತದೆ. ಹಲ್ಲು ಹೋಗುತ್ತದೆ, ಅದರೊಡನೆ ಅರ್ಧ ಚಿತ್ರವೂ ಅರ್ಧ ಚಲನೆಯೂ ಹೋಗುತ್ತವೆ. ಎರಡನೆಯದು ಬ್ಲೆಂಡ್. ಇದು ಎರಡು ಕ್ಷಣಗಳನ್ನು ಕಲಸಿಬಿಡುತ್ತದೆ. ನಮ್ಮ ತಂದೆಯವರಿಗೆ ಎರಡು ಬಲಗೈಗಳು ಬಂದುದು ಈ ಬಗೆಯ ಕಲಸುವಿಕೆಯಿಂದಲೇ. ಮೂರನೆಯದು ಬಾಬ್. ಇದು ಪ್ರತಿಯೊಂದು ಅರೆಚಿತ್ರವನ್ನೂ ಅದರ ಕಾಲದಲ್ಲಿ ಹಿಗ್ಗಿಸಿ ತೋರಿಸುವುದರಿಂದ ಚಲನೆಯು ಪೂರ್ಣವಾಗಿ ಬರುತ್ತದೆ. ಆದರೆ ಗೆರೆಗಳು ಮೇಲೆ ಕೆಳಗೆ ಸ್ವಲ್ಪ ನಡುಗುತ್ತವೆ. ನಾಲ್ಕನೆಯದು ಯಾಡಿಫ್. ಇದು ಹಿಂದಿನ ಮುಂದಿನ ಅರೆಚಿತ್ರಗಳನ್ನೂ ಮೇಲಿನ ಕೆಳಗಿನ ಗೆರೆಗಳನ್ನೂ ಪರೀಕ್ಷಿಸಿ, ನಿಂತಿರುವ ಭಾಗಕ್ಕೆ ಎರಡು ಅರೆಚಿತ್ರಗಳ ಗೆರೆಗಳನ್ನೂ ಬಳಸಿ, ಚಲಿಸುವ ಭಾಗದಲ್ಲಿ ಮಾತ್ರ ಇಲ್ಲದ ಗೆರೆಯನ್ನು ನೆರೆಯ ಗೆರೆಗಳಿಂದ ಊಹಿಸುತ್ತದೆ. ಇದರಲ್ಲಿಯೇ 2ಎಕ್ಸ್ ಎಂಬ ಭೇದವನ್ನು ಆರಿಸಿದರೆ ಸೆಕೆಂಡಿಗೆ 25ಕ್ಕೆ ಬದಲಾಗಿ 50 ಚಿತ್ರಗಳು ದೊರೆಯುತ್ತವೆ. ಮನೆಯ ಟೇಪುಗಳಿಗೆ ನಾನು ಹೇಳುವುದು ಇದನ್ನೇ.

ಒಂದು ವಿಶೇಷವನ್ನು ಮರೆಯಬಾರದು. ಯಾವ ಅರೆಚಿತ್ರವು ಮೊದಲು, ಯಾವುದು ಅನಂತರ ಎಂಬ ಕ್ರಮವು ತಪ್ಪಿದರೆ ಕೈಯು ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋದಂತೆ ಕುಪ್ಪಳಿಸುತ್ತದೆ. ಡಿವಿ ಎಂಬ ಟೇಪಿನಿಂದ ತಂದ ಚಿತ್ರದಲ್ಲಿ ಕೆಳಗಿನ ಗೆರೆಯದು ಮೊದಲು. ಬೇರೆ ಸಾಧನಗಳಿಂದ ತಂದುದರಲ್ಲಿ ಬಹುಮಟ್ಟಿಗೆ ಮೇಲಿನ ಗೆರೆಯದು ಮೊದಲು. ಹೀಗೆ ಕುಪ್ಪಳಿಸುವುದನ್ನು ಕಂಡರೆ ಅಂಗಡಿಯವರಿಗೆ ಕ್ರಮವು ತಿರುವುಮುರುವಾಗಿದೆಯೆಂದು ಹೇಳಿದರೆ ಸಾಕು, ಸರಿಪಡಿಸಬಹುದು. ಮತ್ತೆ, ಟೆಲಿವಿಷನ್ನಿನಿಂದ ಟೇಪಿಗೆ ಹಿಡಿದ ಹಳೆಯ ಸಿನಿಮಾಗಳಲ್ಲಿ ಹಲ್ಲುಗಳು ಸಾಧಾರಣವಾಗಿ ಕಾಣುವುದಿಲ್ಲ. ಸಿನಿಮಾದ ಒಂದು ಚಿತ್ರದಿಂದಲೇ ಎರಡು ಅರೆಚಿತ್ರಗಳನ್ನೂ ತೆಗೆದಿರುವುದರಿಂದ ಅವು ಒಂದೇ ಕ್ಷಣಕ್ಕೆ ಸೇರಿದವು. ಅಂಥವಕ್ಕೆ ಈ ಚಿಕಿತ್ಸೆಯ ಅಗತ್ಯವಿಲ್ಲ.

ಈಗ ಗೃಹಸ್ಥರು ಅಂಗಡಿಗೆ ಹೋಗುವಾಗ ನೆನಪಿನಲ್ಲಿಡತಕ್ಕ ವಿಷಯಗಳಿಗೆ ಬರುತ್ತೇನೆ. ಹಲ್ಲುಗಳಿಗಿಂತ ಅವನ್ನು ಅವಸರದಲ್ಲಿ ತೆಗೆಯುವುದೇ ಹೆಚ್ಚಿನ ಅಪಾಯ. ಹೆಣಿಗೆಯು ಹಾಗೆಯೇ ಇರುವವರೆಗೆ ಎರಡು ಅರೆಚಿತ್ರಗಳನ್ನೂ ಎಂದು ಬೇಕಾದರೂ ಬೇರ್ಪಡಿಸಬಹುದು. ಆದರೆ ಹೆಣಿಗೆಯನ್ನು ಬಿಚ್ಚದೆ ಚಿತ್ರವನ್ನು ಚಿಕ್ಕದು ಮಾಡಿದರೆ, ಎಂದರೆ 576 ಗೆರೆಗಳನ್ನು 480ಕ್ಕೋ 360ಕ್ಕೋ ಇಳಿಸಿದರೆ, ಬೆಸಸಮಗಳು ಒಂದರೊಳಗೊಂದು ಕರಗಿಹೋಗುತ್ತವೆ. ಹಾಲಿಗೆ ನೀರು ಬೆರೆಸಿದ ಮೇಲೆ ಬೇರ್ಪಡಿಸುವವರಾರು? ನನಗೆ ಕೊಟ್ಟ ಎರಡನೆಯ ನಕಲಿನಲ್ಲಿ ಇದೂ ಆಗಿತ್ತು. ಆದಕಾರಣ ಮೊದಲ ನಕಲನ್ನು 720ಕ್ಕೆ 576ರ ಅಳತೆಯಲ್ಲಿ, ಹೆಣಿಗೆಯನ್ನು ಬಿಚ್ಚದೆ, ಯಾವ ಶುದ್ಧೀಕರಣವನ್ನೂ ಮಾಡದೆ ಕೊಡಬೇಕೆಂದು ಕೇಳಿರಿ. ಡಿವಿ ಎಂಬ ರೂಪದಲ್ಲಿ ಕೊಟ್ಟರೆ ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಗಿಗಾಬೈಟ್ ಸ್ಥಳ ಬೇಕು. ಇಷ್ಟೊಂದೇ ಎನ್ನಬೇಡಿ, ಈಗ ಸ್ಥಳಕ್ಕೆ ಹಿಂದಿನಷ್ಟು ಬೆಲೆಯಿಲ್ಲ. ಇದು ಮೂಲಪ್ರತಿ. ಇದನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿಟ್ಟು ಕಾಪಾಡಬೇಕು. ಬಂಧುಗಳಿಗೆ ಮೊಬೈಲಿನಲ್ಲಿ ಕಳುಹಿಸಲು ಚಿಕ್ಕ ಪ್ರತಿ ಬೇಕಾದರೆ, ಮೂಲಪ್ರತಿಯಿಂದ ಮೊದಲು ಹೆಣಿಗೆಯನ್ನು ಬಿಚ್ಚಿ, ಸೆಕೆಂಡಿಗೆ 50 ಚಿತ್ರಗಳಾಗಿ ಮಾಡಿ, ಆಮೇಲೆ ಅಳತೆಯನ್ನು ಕುಗ್ಗಿಸಬೇಕು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಬಹುದು. ಕ್ರಮವು ಹಿಂದುಮುಂದಾಗಕೂಡದು.

ಟೇಪನ್ನು ಎಸೆಯಲೂ ಕೂಡದು. ನಕಲು ತೃಪ್ತಿಕರವಾಗಿದೆಯೆಂದು ಕೊನೆಯವರೆಗೆ ನೋಡಿ ತಿಳಿಯುವವರೆಗಂತೂ ಕೂಡದೇ ಕೂಡದು. ತಂಪಾದ ಒಣಗಿದ ಜಾಗದಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಬೂಷ್ಟು ಹಿಡಿದಿದ್ದರೆ ಹಾಗೆಯೇ ಯಂತ್ರಕ್ಕೆ ಹಾಕಬೇಡಿ; ಟೇಪಿಗೂ ಯಂತ್ರಕ್ಕೂ ಕೇಡು. ಹಾಗೆಂದು ನಾಳೆ ನಾಡಿದ್ದೆಂದು ಮುಂದೂಡುವುದೂ ತರವಲ್ಲ. ಜಪಾನಿನ ಫುನಾಯ್ ಸಂಸ್ಥೆಯು 2016ರ ಜುಲೈಯಲ್ಲಿ ಈ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಅನಂತರ ಉಳಿದಿರುವುದು ಹಳೆಯ ಯಂತ್ರಗಳ ರಿಪೇರಿಯಷ್ಟೆ. ಟೇಪು ಇದ್ದೂ ಓದುವ ಯಂತ್ರವಿಲ್ಲದ ಕಾಲವು ದೂರವಿಲ್ಲ.

ಕಡೆಯದಾಗಿ ನಮ್ಮ ಮನೆಯ ಕಥೆಯನ್ನು ಮುಗಿಸುತ್ತೇನೆ. ಮಗಳು ಮೊದಲನೆಯ ನಕಲನ್ನು 50 ಚಿತ್ರಗಳ ಕ್ರಮದಲ್ಲಿ ಓಡಿಸಿದ ದಿವಸ ಅಕ್ಕನನ್ನು ಮತ್ತೆ ಕರೆಸಿದೆನು. ಬರಲು ಒಪ್ಪಲಿಲ್ಲ, “ಹರಿದ ಕೈಯನ್ನು ಇನ್ನೊಮ್ಮೆ ತೋರಿಸುತ್ತೀಯಾ?” ಎಂದು ಫೋನಿನಲ್ಲಿಯೇ ಗದರಿದಳು. ಮಗಳು ಫೋನನ್ನು ತೆಗೆದುಕೊಂಡು, “ಅತ್ತೆ, ನನ್ನ ಮಾತಿಗಾಗಿ ಒಂದು ಸಲ ಬನ್ನಿ” ಎಂದ ಮೇಲೆ ಬಂದಳು.

ತಂದೆಯವರ ಬಲಗೈ ಹಗ್ಗವನ್ನು ಸೆಳೆಯಿತು. ಲಾಳಿ ಹಾರಿತು. ಎಡಗೈ ಹಣಿಗೆಯ ಮರವನ್ನು ಎದೆಯ ಕಡೆಗೆ ಎಳೆದು ಹೊಕ್ಕನ್ನು ಬಿಗಿಯಿತು. ಒಂದು ಕೈಯಾದರೂ ಸೀಳಲಿಲ್ಲ, ಒಂದಾದರೂ ಎರಡಾಗಲಿಲ್ಲ. ನಾಲ್ಕಾರು ಹೊಕ್ಕುಗಳಾದ ಮೇಲೆ ಅವರ ಎಡಗೈಯ ಹೆಬ್ಬೆರಳು ಬಟ್ಟೆಯ ಅಂಚನ್ನು ಥಟ್ಟನೆ ಸವರಿ ಹಿಂದಕ್ಕೆ ಬಂದಿತು. ಈ ಸವರುವಿಕೆಯು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತಿನದು. ಐದು ಅರೆಚಿತ್ರಗಳಲ್ಲಿ ಮುಗಿದುಹೋಗುತ್ತದೆ. ಮೊದಲ ದಿನ ಹಲ್ಲುಗಳ ನಡುವೆ ಅದು ಕಂಡಿರಲಿಲ್ಲ. ಎರಡನೆಯ ನಕಲಿನಲ್ಲಿ ಹೊಗೆಯಾಗಿ ಹೋಗಿತ್ತು. ಮಗ್ಗದ ಪಕ್ಕದಲ್ಲಿ ಕುಳಿತು ಶಬ್ದರೂಪಗಳನ್ನು ಬಾಯಿಪಾಠ ಮಾಡುತ್ತಿದ್ದ ನಾನು ಹುಡುಗತನದಲ್ಲಿಯೂ ಅದನ್ನು ಗಮನಿಸಿದ್ದವನಲ್ಲ.

ಅಕ್ಕ ಮಾತ್ರ ತಟ್ಟನೆ ಎದ್ದು ತೆರೆಯ ಹತ್ತಿರಕ್ಕೆ ಹೋದಳು. “ನೋಡಿದೆಯೇನೋ? ಅಂಚು ಸಮನಾಗಿದೆಯೋ ಇಲ್ಲವೋ ಎಂದು ಅಪ್ಪ ಕಣ್ಣಿನಿಂದ ನೋಡುತ್ತಿರಲಿಲ್ಲ, ಹೆಬ್ಬೆರಳಿನಿಂದ ನೋಡುತ್ತಿದ್ದರು. ನನಗೂ ಹಾಗೆಯೇ ಹೇಳಿಕೊಟ್ಟಿದ್ದರು” ಎಂದು, ತನ್ನ ಹೆಬ್ಬೆರಳನ್ನು ಸೀರೆಯ ಅಂಚಿನ ಮೇಲೆ ಆಡಿಸಿ ತೋರಿಸಿದಳು. ಮದುವೆಗೆ ಮುಂಚೆ ಅವಳು ತಂದೆಯವರೊಡನೆ ಮಗ್ಗದಲ್ಲಿ ಕುಳಿತವಳು. ಆ ವಿದ್ಯೆಯು ಅವಳ ಕೈಯಲ್ಲಿದ್ದುದು ಅಂದಿನವರೆಗೆ ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಆ ಐದು ಅರೆಚಿತ್ರಗಳನ್ನು ನಾನು ಹಳೆಯ ಸಾಮಾನಿನವನಿಗೆ ಹಾಕಲು ಹೊರಟಿದ್ದೆನು!

ಹಗ್ಗವನ್ನು ಹಾವೆಂದು ಭ್ರಮಿಸಿದವನು ದೀಪವನ್ನು ತರಬೇಕೇ ಹೊರತು ಹಗ್ಗವನ್ನು ಸುಡಬಾರದು. ನಿಮ್ಮ ಮನೆಯ ಚಿತ್ರಗಳಲ್ಲಿ ಹಣಿಗೆಯ ಹಲ್ಲುಗಳು ಕಂಡರೆ, ಏನೋ ಕೆಟ್ಟಿದೆಯೆಂದು ದುಃಖಪಡಬೇಡಿ. ಎರಡು ಕ್ಷಣಗಳೂ ಪೂರ್ಣವಾಗಿ ಉಳಿದಿವೆಯೆಂಬುದಕ್ಕೆ ಅವೇ ಸಾಕ್ಷಿ. ಮೂಲವನ್ನು ಮುಟ್ಟದೆ, ನೋಡುವಾಗ ಮಾತ್ರ ಹೆಣಿಗೆಯನ್ನು ಬಿಚ್ಚಿಕೊಳ್ಳಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಿಮಗೆ ಕಾಣದುದು ಅವರಿಗೆ ಕಾಣಬಹುದು.

ಮುಂದಿನ ಸಂಚಿಕೆಯಲ್ಲಿ ಹಳೆಯ ಧ್ವನಿಸುರುಳಿಗಳನ್ನು, ಎಂದರೆ ಕ್ಯಾಸೆಟ್ಟುಗಳನ್ನು, ಉಳಿಸಿಕೊಳ್ಳುವ ವಿಚಾರವನ್ನು ಬರೆಯುತ್ತೇನೆ. ಅಲ್ಲಿಯವರೆಗೆ ವಾಚಕರೆಲ್ಲರೂ ಕ್ಷೇಮವಾಗಿರಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.